ಒಡಲ ಜೋಲಿ: ತಾಯಂದಿರು ಮುಚ್ಚಿಟ್ಟುಕೊಂಡ ಬೇನೆಯ ಕುರಿತು



ಶ್ರೀಮಠದ ದಾಸೋಹದ ಮನೆಯಲ್ಲಿ ಹತ್ತಾರು ವರ್ಷ ತರಕಾರಿ ಹೆಚ್ಚುತ್ತ, ಅಕ್ಕಿ ಆರಿಸುತ್ತ, ಪಂಕ್ತಿಯಲ್ಲಿ ಬಡಿಸುತ್ತ ಸೇವೆ ಸಲ್ಲಿಸಿದ ತಾಯಿಯೊಬ್ಬರು ಕಳೆದ ಜಾತ್ರೆಗೆ ಬರಲಿಲ್ಲ. ಅವರು ಚನ್ನರಾಯಪಟ್ಟಣ ತಾಲ್ಲೂಕಿನವರು. ವಯಸ್ಸು ಐವತ್ತು ದಾಟಿದೆ, ಮೂವರು ಮಕ್ಕಳನ್ನು ಹೆತ್ತವರು. ಆ ಕಡೆ ಹೋದಾಗ ನಾವು ಅವರ ಮನೆಗೆ ಹೋಗಿ ವಿಚಾರಿಸಿದೆವು. ಮೊದಲು ಮಂಡಿನೋವು ಎಂದರು. ಗಂಡಸರು ತೆಂಗಿನ ತೋಟದ ಕಡೆ ಹೊರಟ ಮೇಲೆ, ಒಳಮನೆಯಲ್ಲಿದ್ದ ಸೊಸೆಗೂ ಕೇಳಿಸದ ಹಾಗೆ, ನಮ್ಮೊಡನಿದ್ದ ಸೋದರಿಯ ಕೈಹಿಡಿದು ಹೇಳಿದರು: “ಕೆಮ್ಮಿದರೆ, ಸೀನಿದರೆ, ಒಂದು ಪಾತ್ರೆ ಎತ್ತಿದರೆ ಸೀರೆ ಒದ್ದೆಯಾಗುತ್ತೆ ಕಣಮ್ಮ. ಇಂಥ ಮೈಯಲ್ಲಿ ಮಠದ ಅಡುಗೆಮನೆಗೆ ಹ್ಯಾಗೆ ಬರಲಿ? ಪೂಜೆಗೆ ಕೂರೋಕೂ ಮನಸ್ಸು ಅಳುಕುತ್ತೆ.”

ಏಳು ವರ್ಷಗಳಿಂದ ಅವರಿಗೆ ಈ ತೊಂದರೆ ಇತ್ತು. ಗಂಡನಿಗಾಗಲಿ, ಮಗಳಿಗಾಗಲಿ, ವೈದ್ಯರಿಗಾಗಲಿ ಅವರು ಹೇಳಿಕೊಂಡಿರಲಿಲ್ಲ. ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟಿದ್ದರು. ಬಸ್ಸಿನಲ್ಲಿ ಹಾಸನದವರೆಗೆ ಹೋಗಬೇಕಾದರೂ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಿದ್ದರು. ಅವರ ಲೋಕ ಮನೆಯ ಹೊಸ್ತಿಲವರೆಗೆ ಕಿರಿದಾಗಿತ್ತು.

ಆ ಮಾತು ನಮ್ಮನ್ನು ಸುಮ್ಮನಿರಗೊಡಲಿಲ್ಲ. ಮುಂದಿನ ತಿಂಗಳುಗಳಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಮಹಿಳಾ ಗೋಷ್ಠಿಗಳು ನಡೆದಲ್ಲೆಲ್ಲ ಈ ಪ್ರಶ್ನೆಯನ್ನು ಮೆಲ್ಲನೆ ಮುಂದಿಟ್ಟೆವು. ಮೊದಲು ಎಲ್ಲೆಡೆ ಮೌನ. ಆಮೇಲೆ ಒಬ್ಬರು ಬಾಯಿ ತೆರೆದರೆ ಸಾಕು, ಪಕ್ಕದವರು “ನನಗೂ ಹಾಗೇ” ಎನ್ನುತ್ತಿದ್ದರು. ಹಿರಿಯರಾದವರು “ಎರಡು ಮೂರು ಹೆತ್ತ ಮೇಲೆ ಇದ್ದದ್ದೇ ಬಿಡ್ರವ್ವ” ಎಂದು ಮಾತು ಮುಗಿಸುತ್ತಿದ್ದರು. ‘ಇದ್ದದ್ದೇ’ ಎಂಬ ಆ ಮಾತು ಸರಿಯಲ್ಲವೆಂದು ಹೇಳುವುದಕ್ಕಾಗಿಯೇ ಈ ಲೇಖನ. ಈ ಬೇನೆ ಬಹಳ ಮಂದಿಗೆ ಇದೆ ಎಂಬುದು ನಿಜ. ಬಹುಪಾಲು ತಾಯಂದಿರಲ್ಲಿ ಅದನ್ನು ಕಡಿಮೆ ಮಾಡಬಹುದು, ಹಲವರಲ್ಲಿ ಪೂರ್ತಿ ವಾಸಿಮಾಡಬಹುದು ಎಂಬುದೂ ಅಷ್ಟೇ ನಿಜ.

ಜೋಲಿ ಎಂದರೇನು?

ಹೊಲದ ಬದುವಿನ ಹೊಂಗೆಯ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿ ನಾಟಿಗೆ ಇಳಿಯುವುದು ನಮ್ಮ ತಾಯಂದಿರಿಗೆ ಗೊತ್ತಿರುವ ಸಂಗತಿ. ನಮ್ಮ ದೇಹದೊಳಗೂ ಅಂಥದೊಂದು ಜೋಲಿ ಇದೆ. ಮುಂದೆ ಹೊಟ್ಟೆಯ ಕೆಳಗಿನ ಗುಹ್ಯಾಸ್ಥಿಯಿಂದ ಹಿಂದೆ ಬೆನ್ನೆಲುಬಿನ ತುದಿಯ ಬಾಲಮೂಳೆಯವರೆಗೆ, ಅಕ್ಕಪಕ್ಕದಲ್ಲಿ ಸೊಂಟದ ಮೂಳೆಗಳವರೆಗೆ ಹರಡಿಕೊಂಡ ಸ್ನಾಯುಗಳ ಹಾಸು ಅದು. ವೈದ್ಯರು ಇದನ್ನು ಶ್ರೋಣಿತಳ ಅಥವಾ ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ಮೂತ್ರಕೋಶ, ಗರ್ಭಕೋಶ, ಮಲಾಶಯ ಈ ಮೂರೂ ಆ ಹಾಸಿನ ಮೇಲೆ ನೆಲೆಗೊಂಡಿವೆ. ಮೂತ್ರದ್ವಾರ, ಯೋನಿ, ಗುದದ್ವಾರ ಈ ಮೂರೂ ಅದರ ನಡುವಿನಿಂದ ಹಾದುಹೋಗುತ್ತವೆ.

ಈ ಜೋಲಿಯ ಕೆಲಸ ಹಲವು ಬಗೆಯದು. ಮೇಲಿನ ಅಂಗಗಳನ್ನು ಹೊತ್ತು ನಿಲ್ಲುವುದು ಒಂದು. ಕೆಮ್ಮಿದಾಗ, ನಕ್ಕಾಗ, ಭಾರ ಎತ್ತಿದಾಗ ಕ್ಷಣಮಾತ್ರದಲ್ಲಿ ಬಿಗಿಗೊಂಡು ದ್ವಾರಗಳನ್ನು ಮುಚ್ಚುವುದು ಇನ್ನೊಂದು. ಮೂತ್ರ, ಮಲ ವಿಸರ್ಜನೆಯ ವೇಳೆ ಸಡಿಲಗೊಂಡು ದಾರಿ ಬಿಡುವುದು ಮತ್ತೊಂದು. ದಾಂಪತ್ಯ ಸುಖದಲ್ಲಿಯೂ ಹೆರಿಗೆಯಲ್ಲಿಯೂ ಅದಕ್ಕೆ ಪಾಲಿದೆ. ಉಸಿರಾಟಕ್ಕೂ ಬೆನ್ನಿನ ಬಲಕ್ಕೂ ಅದರ ನಂಟಿದೆ. ಕೈಕಾಲಿನ ಸ್ನಾಯುಗಳಂತೆಯೇ ಅದೂ ಸ್ನಾಯು. ದುಡಿಸಿದರೆ ಬಲಗೊಳ್ಳುತ್ತದೆ, ಮರೆತರೆ ಸೊರಗುತ್ತದೆ. ಈ ಬೇನೆ ಹಣೆಬರಹವಲ್ಲ ಎನ್ನಲು ನಮಗೆ ಧೈರ್ಯ ಕೊಡುವುದು ಈ ಸಂಗತಿಯೇ.

ಜೋಲಿ ಸಡಿಲವಾದಾಗ

ಸಡಿಲಗೊಂಡ ಜೋಲಿ ಹಲವು ರೀತಿಯಲ್ಲಿ ತನ್ನನ್ನು ತೋರಿಸಿಕೊಳ್ಳುತ್ತದೆ. ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ಮೂತ್ರ ಜಿನುಗುವುದು ಅತ್ಯಂತ ಸಾಮಾನ್ಯವಾದದ್ದು. ಕೆಲವರಿಗೆ ಮೂತ್ರದ ಅವಸರ ಇದ್ದಕ್ಕಿದ್ದಂತೆ ಬಂದು, ಬಚ್ಚಲು ತಲುಪುವ ಮೊದಲೇ ತಡೆಯಲಾಗದೆ ಹೋಗುತ್ತದೆ. ಇವೆರಡೂ ಒಟ್ಟಿಗೆ ಇರುವವರೂ ಉಂಟು. ಮೂರನೆಯದು, ಗರ್ಭಕೋಶವಾಗಲಿ ಯೋನಿಯ ಗೋಡೆಯಾಗಲಿ ಕೆಳಗೆ ಜಾರುವುದು. ಸಂಜೆಯ ಹೊತ್ತಿಗೆ ಕೆಳಹೊಟ್ಟೆ ಭಾರವಾದಂತೆ, ಏನೋ ಇಳಿದು ಬಂದಂತೆ, ಕುಳಿತಾಗ ಉಂಡೆಯ ಮೇಲೆ ಕುಳಿತಂತೆ ಅನ್ನಿಸುತ್ತದೆ. ರಾತ್ರಿ ಮಲಗಿ ಬೆಳಿಗ್ಗೆ ಎದ್ದಾಗ ಕಡಿಮೆಯಾಗಿ, ದುಡಿಮೆ ಏರಿದಂತೆ ಮರಳಿ ಬರುತ್ತದೆ. ಇನ್ನು ಕೆಲವರಿಗೆ ವಾಯು ಅಥವಾ ಮಲ ತಡೆಯಲಾಗುವುದಿಲ್ಲ. ಇದನ್ನಂತೂ ಯಾರೂ ಯಾರಿಗೂ ಹೇಳುವುದಿಲ್ಲ.

ಇದು ಹೊಸ ಕಾಲದ ಕಾಯಿಲೆಯೂ ಅಲ್ಲ. ಆಯುರ್ವೇದದ ಸಂಹಿತೆಗಳು 20 ಬಗೆಯ ಯೋನಿವ್ಯಾಪತ್ತುಗಳನ್ನು ಎಣಿಸಿವೆ. ಸುಶ್ರುತ ಸಂಹಿತೆ ಹೇಳುವ ‘ಪ್ರಸ್ರಂಸಿನಿ’ಯಲ್ಲಿ ಸ್ಥಾನದಿಂದ ಜಾರುವ ಲಕ್ಷಣವೇ ಮುಖ್ಯ. ನಮ್ಮ ಪೂರ್ವಿಕ ವೈದ್ಯರು ನಾಚದೆ ಹೆಸರಿಟ್ಟು ಬರೆದದ್ದನ್ನು ನಾವು ಇಂದು ಮನೆಯೊಳಗೂ ಉಚ್ಚರಿಸಲು ಅಂಜುತ್ತಿದ್ದೇವೆ. ಕನ್ನಡದಲ್ಲಿ ಈ ಅಂಜಿಕೆಯನ್ನು ಸರಿಸಲು ದುಡಿದ ವೈದ್ಯೆ, ಲೇಖಕಿ ಡಾ. ಅನುಪಮಾ ನಿರಂಜನ ಅವರನ್ನು ಇಲ್ಲಿ ನೆನೆಯಬೇಕು. ‘ತಾಯಿ-ಮಗು’, ‘ವಧುವಿಗೆ ಕಿವಿಮಾತು’ ಮೊದಲಾದ ಅವರ ಪುಸ್ತಕಗಳು ಹೆಣ್ಣಿನ ದೇಹದ ವಿಚಾರವನ್ನು ಮನೆಮಾತಿನಲ್ಲಿ, ಮರ್ಯಾದೆಯಿಂದ ಹೇಳಬಹುದೆಂದು ತೋರಿಸಿಕೊಟ್ಟವು.

ಕಾರಣಗಳು ನಮ್ಮ ನಡುವೆಯೇ ಇವೆ

ಹೆರಿಗೆ ಮೊದಲನೆಯ ಕಾರಣ. ಸಹಜ ಹೆರಿಗೆಯಲ್ಲಿ ಕೂಸಿನ ತಲೆ ಹೊರಬರುವಾಗ ಈ ಸ್ನಾಯುಗಳ ಕೆಲಭಾಗಗಳು ಮೂಲ ಉದ್ದದ ಮೂರು ಪಟ್ಟಿನಷ್ಟು ಹಿಗ್ಗುತ್ತವೆ. ಹೆಚ್ಚಿನವು ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತವೆ. ಹೆರಿಗೆ ಬಹಳ ಹೊತ್ತು ಹಿಡಿದಿದ್ದರೆ, ಮಗು ದಪ್ಪವಾಗಿದ್ದರೆ, ಇಕ್ಕಳ ಬಳಸಿ ತೆಗೆದಿದ್ದರೆ, ಹೆರಿಗೆಗಳ ನಡುವೆ ಅಂತರ ಇಲ್ಲದಿದ್ದರೆ ಚೇತರಿಕೆ ಅಪೂರ್ಣವಾಗಬಹುದು. ಸಿಸೇರಿಯನ್ ಆದವರಿಗೆ ಅಪಾಯ ಕಡಿಮೆಯಾದರೂ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಒಂಬತ್ತು ತಿಂಗಳ ಬಸಿರಿನ ಭಾರವನ್ನು ಅವರ ಜೋಲಿಯೂ ಹೊತ್ತಿರುತ್ತದೆ.

ಮುಟ್ಟು ನಿಲ್ಲುವ ವಯಸ್ಸು ಎರಡನೆಯದು. ನಮ್ಮ ದೇಶದಲ್ಲಿ ಅದು ಸರಾಸರಿ 46ರ ಆಸುಪಾಸಿನಲ್ಲಿ ಬರುತ್ತದೆ. ಆಗ ಈಸ್ಟ್ರೋಜನ್ ಎಂಬ ಹಾರ್ಮೋನು ತಗ್ಗಿ ಆ ಭಾಗದ ಚರ್ಮ, ಸ್ನಾಯು, ನಾರುಗಳು ತೆಳುವಾಗುತ್ತವೆ. ಮೂವತ್ತರಲ್ಲಿ ಹೇಗೋ ಸರಿದೂಗಿದ ದೌರ್ಬಲ್ಯ ಐವತ್ತರಲ್ಲಿ ಹೊರಬೀಳುವುದು ಇದರಿಂದಲೇ.

ಮೂರನೆಯದು ದುಡಿಮೆಯ ಭಾರ. ನಮ್ಮ ನಾಲ್ಕೂ ತಾಲ್ಲೂಕುಗಳ ಹೆಣ್ಣುಮಕ್ಕಳ ದಿನಚರಿಯನ್ನು ನೋಡಿರಿ. ಹಾಸನದ ಸುತ್ತ ಆಲೂಗಡ್ಡೆ ಕೀಳುವ ದಿನಗಳಲ್ಲಿ ಬಗ್ಗಿದ ಸೊಂಟ ನೆಟ್ಟಗಾಗುವುದು ಸಂಜೆಗೇ. ಅರಕಲಗೂಡು, ಕೊಣನೂರು, ರಾಮನಾಥಪುರದ ಕಡೆ ಹೊಗೆಸೊಪ್ಪು ಮುರಿದು ಬ್ಯಾರನ್ನಿಗೆ ಸಾಗಿಸುವುದು, ಸೌದೆ ಹೊರುವುದು, ಶುಂಠಿ ಕಿತ್ತು ಚೀಲ ತುಂಬುವುದು. ಹೊಳೆನರಸೀಪುರದ ಹೇಮಾವತಿ ನೀರಾವರಿಯ ಗದ್ದೆಗಳಲ್ಲಿ ಕೆಸರಿನಲ್ಲಿ ನಿಂತು ನಾಟಿ. ಚನ್ನರಾಯಪಟ್ಟಣದಲ್ಲಿ ತೆಂಗಿನ ಗರಿ, ರಾಗಿ ಹುಲ್ಲಿನ ಹೊರೆ. ಎಲ್ಲ ಕಡೆಯೂ ಬೆಳಿಗ್ಗೆ ಸಂಜೆ ಡೇರಿಗೆ ಹಾಲಿನ ಕ್ಯಾನು, ಮನೆಗೆ ನೀರಿನ ಕೊಡ. ಹದಿನೈದು ಲೀಟರಿನ ಕೊಡವೆಂದರೆ 15 ಕಿಲೋ ಭಾರ. ಬಾಣಂತನದ ತಿಂಗಳು ಕಳೆಯುವ ಮೊದಲೇ ಈ ಭಾರಕ್ಕೆ ಮರಳಿದವರು ಅನೇಕರು. ನಗರದ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳ ಪಾಡು ಬೇರೆ: ಗಂಟೆಗಟ್ಟಲೆ ಕುಳಿತಲ್ಲೇ ಕುಳಿತು, ಮೂತ್ರವನ್ನು ತಡೆಹಿಡಿದು ದುಡಿಯಬೇಕು.

ಇವುಗಳ ಜೊತೆಗೆ ಸೌದೆ ಒಲೆಯ ಹೊಗೆಯಿಂದ ಬಂದ ಹಳೆಯ ಕೆಮ್ಮು, ಮಲಬದ್ಧತೆಯಿಂದ ದಿನವೂ ತಿಣುಕುವುದು, ಮೈಯ ಬೊಜ್ಜು, ಹಿಡಿತದಲ್ಲಿರದ ಸಕ್ಕರೆ ಕಾಯಿಲೆ ಸೇರಿಕೊಂಡರೆ ಜೋಲಿಯ ಮೇಲಿನ ಒತ್ತಡ ಇಮ್ಮಡಿಯಾಗುತ್ತದೆ.

ತಪ್ಪು ಪರಿಹಾರಗಳು

ನೀರು ಕುಡಿಯುವುದನ್ನು ಬಿಡುವುದು ನಾವು ಎಲ್ಲೆಡೆ ಕಂಡ ಮೊದಲ ತಪ್ಪು. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ. ಉರಿಮೂತ್ರ, ಸೋಂಕು ಬರುತ್ತದೆ. ಮಲ ಗಟ್ಟಿಯಾಗಿ ತಿಣುಕುವುದು ಹೆಚ್ಚುತ್ತದೆ. ಬಾಣಂತಿಗೆ ನೀರು ಕೊಡಬಾರದೆಂಬ ಹಳೆಯ ಕಟ್ಟುಪಾಡಿಗೂ ಇದೇ ಮಾತು ಸಲ್ಲುತ್ತದೆ. ಹಾಲೂಡಿಸುವ ತಾಯಿಗೆ ನೀರು ಹೆಚ್ಚಾಗಿಯೇ ಬೇಕು. ಬಾಣಂತಿಯ ಹೊಟ್ಟೆಗೆ ಬಟ್ಟೆ ಬಿಗಿಯುವ ಪದ್ಧತಿಯಲ್ಲಿಯೂ ಎಚ್ಚರ ಬೇಕು. ಹಿತವಾದ ಆಸರೆಯಿಂದ ತೊಂದರೆಯಿಲ್ಲ. ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡವೆಲ್ಲ ಕೆಳಗಿನ ಜೋಲಿಯ ಮೇಲೆ ಬೀಳುತ್ತದೆ. ಬಾಣಂತನದ ವಿಶ್ರಾಂತಿ ಮಾತ್ರ ನಮ್ಮ ಹಿರಿಯರು ಕೊಟ್ಟ ದೊಡ್ಡ ವರ. ಅದನ್ನು ಮೊಟಕುಗೊಳಿಸದಿರೋಣ.

ಇನ್ನೂ ಗಂಭೀರವಾದ ತಪ್ಪು ಒಂದಿದೆ. “ಹೇಗೂ ಮಕ್ಕಳಾಗಿವೆ, ಗರ್ಭಕೋಶ ತೆಗೆಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ” ಎಂಬ ಮಾತು ನಾಲ್ಕೂ ತಾಲ್ಲೂಕುಗಳಲ್ಲಿ ನಮ್ಮ ಕಿವಿಗೆ ಬಿತ್ತು. ಮೂತ್ರ ಜಿನುಗುವುದಕ್ಕೆ ಗರ್ಭಕೋಶ ತೆಗೆಯುವುದು ಚಿಕಿತ್ಸೆಯಲ್ಲ. ಜೋಲಿ ಸಡಿಲವಾಗಿಯೇ ಉಳಿದರೆ ಮುಂದೆ ಯೋನಿಯ ಮೇಲ್ತುದಿಯೇ ಕೆಳಗೆ ಜಾರಬಹುದು. ಜೊತೆಯಲ್ಲಿ ಅಂಡಾಶಯಗಳನ್ನೂ ತೆಗೆದರೆ ಎಳೆಯ ವಯಸ್ಸಿಗೇ ಮುಟ್ಟು ನಿಂತ ಸ್ಥಿತಿ ಬಂದು ಮೂಳೆಗಳು ಸವೆಯುತ್ತವೆ. ನಮ್ಮದೇ ರಾಜ್ಯದ ಕಲಬುರಗಿ ಜಿಲ್ಲೆಯಲ್ಲಿ ತಾಂಡಾಗಳ ಬಡ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದ ಪ್ರಕರಣ 2015ರಲ್ಲಿ ಬೆಳಕಿಗೆ ಬಂದು ತನಿಖೆ ನಡೆದದ್ದು ಹಲವರಿಗೆ ನೆನಪಿರಬಹುದು. ದೇಶದ ಬೇರೆ ರಾಜ್ಯಗಳಿಂದಲೂ ಇಂಥ ದೂರುಗಳು ಬಂದು, ಇವನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲ್ 5ರಂದು ಆದೇಶಿಸಿತು. ಕ್ಯಾನ್ಸರ್, ನಿಲ್ಲದ ರಕ್ತಸ್ರಾವ, ತೀರ ಮುಂದುವರಿದ ಜಾರುವಿಕೆಯಂಥ ಸಂದರ್ಭಗಳಲ್ಲಿ ಈ ಶಸ್ತ್ರಚಿಕಿತ್ಸೆ ಪ್ರಾಣ ಉಳಿಸುತ್ತದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ “ಇದು ನನಗೆ ಏಕೆ ಬೇಕು? ಬೇರೆ ದಾರಿ ಇಲ್ಲವೇ?” ಎಂದು ಕೇಳಿ, ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆದ ಮೇಲೆಯೇ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಬೇಕು.

ವ್ಯಾಯಾಮದ ವಿಧಾನ

1948ರಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞ ಡಾ. ಆರ್ನಾಲ್ಡ್ ಕೆಗೆಲ್, ಹೆರಿಗೆಯ ನಂತರ ಈ ಸ್ನಾಯುಗಳನ್ನು ವ್ಯಾಯಾಮದಿಂದ ಮರಳಿ ಬಲಪಡಿಸಬಹುದೆಂದು ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ಹೆಸರಿನಿಂದಲೇ ಅದು ಕೆಗೆಲ್ ವ್ಯಾಯಾಮವೆಂದು ಪ್ರಸಿದ್ಧವಾಯಿತು. ಹಠಯೋಗದ ಮೂಲಬಂಧ, ಅಶ್ವಿನಿ ಮುದ್ರೆಗಳನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಉದ್ದೇಶ ಬೇರೆಯಾದರೂ ಸಂಕೋಚಿಸುವ ಸ್ನಾಯುಗಳು ಹೆಚ್ಚುಕಡಿಮೆ ಅವೇ. ಕೆಮ್ಮಿದಾಗ ಮೂತ್ರ ಜಿನುಗುವ ಹೆಂಗಸರಲ್ಲಿ ಈ ವ್ಯಾಯಾಮ ಮಾಡಿದವರು, ಮಾಡದವರಿಗಿಂತ ವಾಸಿಯಾಗುವ ಸಾಧ್ಯತೆ ಸುಮಾರು ಎಂಟು ಪಟ್ಟು ಹೆಚ್ಚೆಂದು 2018ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಪರಾಮರ್ಶೆ ಹೇಳಿದೆ. ಇದಕ್ಕೆ ಹಣ ಬೇಡ, ಸಲಕರಣೆ ಬೇಡ. ಬೇಕಾದದ್ದು ತಾಳ್ಮೆ ಒಂದೇ.

ಮೂತ್ರ ವಿಸರ್ಜಿಸಿ ಬಂದು, ಚಾಪೆಯ ಮೇಲೆ ಅಂಗಾತ ಮಲಗಿ ಮಂಡಿಗಳನ್ನು ಮಡಚಿರಿ. ನಾಲ್ಕು ಜನರ ನಡುವೆ ವಾಯುವನ್ನು ತಡೆಯುವಾಗ ಹೇಗೆ ಬಿಗಿಹಿಡಿಯುತ್ತೇವೋ ಹಾಗೆ ಗುದದ್ವಾರವನ್ನೂ, ಅದರೊಂದಿಗೆ ಮೂತ್ರದ್ವಾರವನ್ನೂ ಒಳಕ್ಕೆ ಮತ್ತು ಮೇಲಕ್ಕೆ ಎಳೆದುಕೊಳ್ಳಿರಿ. ಹೊಟ್ಟೆ, ತೊಡೆ, ಪೃಷ್ಠಗಳು ಸಡಿಲವಾಗಿರಲಿ. ಉಸಿರು ಕಟ್ಟಬಾರದು. ಮೊದಮೊದಲು ಮೂರರಿಂದ ಐದು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲಬಿಡಿರಿ. ಸಡಿಲಬಿಡುವುದೂ ವ್ಯಾಯಾಮದ ಅರ್ಧಭಾಗ. ಹೀಗೆ 8ರಿಂದ 10 ಬಾರಿ ಮಾಡಿ, ಆಮೇಲೆ ತಟ್ಟನೆ ಹಿಡಿದು ತಟ್ಟನೆ ಬಿಡುವ ಸಂಕೋಚನವನ್ನು 8ರಿಂದ 10 ಬಾರಿ ಮಾಡಿರಿ. ಬೆಳಗಿನ ಪೂಜೆಗೆ ಮೊದಲು, ಮಧ್ಯಾಹ್ನದ ವಿಶ್ರಾಂತಿಯಲ್ಲಿ, ರಾತ್ರಿ ಮಲಗುವಾಗ, ಹೀಗೆ ದಿನಕ್ಕೆ ಮೂರು ಸಲ. ವಾರಗಳು ಕಳೆದಂತೆ ಹಿಡಿಯುವ ಎಣಿಕೆಯನ್ನು ಹತ್ತರವರೆಗೆ ಏರಿಸಬಹುದು. ಅಭ್ಯಾಸವಾದ ಮೇಲೆ ಕುಳಿತೋ, ನಿಂತೋ, ಡೇರಿಯ ಸಾಲಿನಲ್ಲಿ ಕಾಯುವಾಗಲೋ ಮಾಡಬಹುದು. ಪಕ್ಕದವರಿಗೆ ತಿಳಿಯುವುದೂ ಇಲ್ಲ.

ಕೆಮ್ಮು, ಸೀನು ಬರುವ ಮುನ್ನ, ಕೊಡ ಎತ್ತುವ ಮುನ್ನ ಒಮ್ಮೆ ಬಿಗಿಹಿಡಿಯುವುದನ್ನು ರೂಢಿಸಿಕೊಂಡರೆ ಜಿನುಗುವುದು ಬೇಗನೆ ತಗ್ಗುತ್ತದೆ. ಫಲ ಕಾಣಲು ಕನಿಷ್ಠ ಮೂರು ತಿಂಗಳು ಬೇಕು. ಒಂದು ವಾರ ಮಾಡಿ ಏನೂ ಆಗಲಿಲ್ಲವೆಂದು ಬಿಡಬಾರದು.

ಎರಡು ಎಚ್ಚರಿಕೆಗಳಿವೆ. ಮೂತ್ರ ಮಾಡುತ್ತಿರುವಾಗ ನಡುವೆ ತಡೆದು ಅಭ್ಯಾಸ ಮಾಡುವುದು ಒಳ್ಳೆಯದಲ್ಲ, ಮೂತ್ರಕೋಶ ಪೂರ್ತಿ ಬರಿದಾಗದೆ ಉಳಿಯಬಹುದು. ಇನ್ನು, ಕೆಲವರಲ್ಲಿ ಈ ಸ್ನಾಯುಗಳು ಸಡಿಲವಾಗಿರುವ ಬದಲು ಅತಿಯಾಗಿ ಬಿಗಿದುಕೊಂಡಿರುತ್ತವೆ. ಕೆಳಹೊಟ್ಟೆಯ ನೋವು, ದಾಂಪತ್ಯದಲ್ಲಿ ನೋವು, ಮೂತ್ರ ಸಲೀಸಾಗಿ ಹೋಗದಿರುವುದು ಅದರ ಲಕ್ಷಣಗಳು. ಅಂಥವರು ಬಿಗಿಹಿಡಿಯುವ ವ್ಯಾಯಾಮ ಮಾಡಿದರೆ ನೋವು ಹೆಚ್ಚಾಗಬಹುದು. ನೋವಿದ್ದವರು, ಸರಿಯಾಗಿ ಮಾಡುತ್ತಿದ್ದೇವೆಯೇ ಎಂಬ ಸಂದೇಹವಿದ್ದವರು ವೈದ್ಯರನ್ನು ಅಥವಾ ಫಿಸಿಯೋಥೆರಪಿಸ್ಟರನ್ನು ಕಂಡು ಕಲಿಯಬೇಕು.

ಬಸುರಿಯರೂ ಇದನ್ನು ಕಲಿಯಬಹುದು, ಹೆರಿಗೆಯ ನಂತರ ಉಪಯೋಗಕ್ಕೆ ಬರುತ್ತದೆ. ಸಹಜ ಹೆರಿಗೆಯಾದವರು ನೋವಿಲ್ಲದಿದ್ದರೆ ಕೆಲವೇ ದಿನಗಳಲ್ಲಿ ಮೃದುವಾಗಿ ಆರಂಭಿಸಬಹುದು. ಸಿಸೇರಿಯನ್ ಆದವರು ಮೂತ್ರದ ನಳಿಕೆ ತೆಗೆದ ಮೇಲೆ ಆರಂಭಿಸಬಹುದು. ಹೊಲಿಗೆ ಹೆಚ್ಚು ಬಿದ್ದಿದ್ದರೆ ವೈದ್ಯರನ್ನು ಕೇಳಿಕೊಳ್ಳಿರಿ.

ದಿನಚರಿಯಲ್ಲಿ ಬದಲಾವಣೆ

ದಿನಕ್ಕೆ ಆರರಿಂದ ಎಂಟು ಲೋಟ ನೀರು, ಸ್ವಲ್ಪ ಸ್ವಲ್ಪವಾಗಿ. ಹೃದಯ, ಮೂತ್ರಪಿಂಡದ ಕಾಯಿಲೆ ಇದ್ದವರು ವೈದ್ಯರು ಹೇಳಿದಷ್ಟು. ಮೂರು ನಾಲ್ಕು ಗಂಟೆಗೊಮ್ಮೆ ಮೂತ್ರಕ್ಕೆ ಹೋಗುವುದು. ತಡೆಹಿಡಿಯುವುದೂ ಬೇಡ, ಹದಿನೈದು ನಿಮಿಷಕ್ಕೊಮ್ಮೆ ‘ಯಾವುದಕ್ಕೂ ಇರಲಿ’ ಎಂದು ಓಡುವುದೂ ಬೇಡ. ನಮ್ಮದು ಕಾಫಿಯ ಜಿಲ್ಲೆ. ಆದರೂ ಅವಸರದ ಮೂತ್ರವಿರುವವರು ಕಾಫಿ, ಟೀಗಳನ್ನು ಒಂದೆರಡು ಲೋಟಕ್ಕೆ ಇಳಿಸಿ ನೋಡಬೇಕು. ರಾಗಿ, ಸೊಪ್ಪು, ಮೊಳಕೆ ಕಾಳು, ಹಣ್ಣುಗಳಿಂದ ಮಲ ಮೃದುವಾಗುತ್ತದೆ. ಕಮೋಡು ಬಳಸುವವರು ಕಾಲ ಕೆಳಗೆ ಒಂದು ಮಣೆ ಇಟ್ಟುಕೊಂಡರೆ ತಿಣುಕುವುದು ತಪ್ಪುತ್ತದೆ. ಬೊಜ್ಜಿನವರು ಮೈತೂಕವನ್ನು ನೂರಕ್ಕೆ 5ರಿಂದ 10ರಷ್ಟು ಇಳಿಸಿದರೂ ಜಿನುಗುವುದು ಗಮನಾರ್ಹವಾಗಿ ತಗ್ಗುತ್ತದೆ.

ಭಾರ ಎತ್ತುವಾಗ ಮಂಡಿ ಮಡಚಿ, ವಸ್ತುವನ್ನು ಮೈಗೆ ಹತ್ತಿರ ಹಿಡಿದು, ಉಸಿರು ಬಿಡುತ್ತ ಏಳಬೇಕು. ಒಂದು ದೊಡ್ಡ ಕೊಡದ ಬದಲು ಎರಡು ಸಣ್ಣ ಬಿಂದಿಗೆಗಳು ಲೇಸು. ಹೆರಿಗೆಯಾದ ಮೇಲೆ ಆರು ವಾರಗಳವರೆಗಾದರೂ ಕೂಸಿಗಿಂತ ಹೆಚ್ಚು ಭಾರವನ್ನು ಬಾಣಂತಿ ಎತ್ತದಂತೆ ಮನೆಯವರು ನೋಡಿಕೊಳ್ಳಬೇಕು.

ವ್ಯಾಯಾಮ ಸಾಲದಾದಾಗ

ಗರ್ಭಕೋಶ ಹೆಚ್ಚು ಜಾರಿದ್ದರೆ ವ್ಯಾಯಾಮವೊಂದೇ ಸಾಲದು. ಆಗ ಪೆಸರಿ ಎಂಬ ಮೃದುವಾದ ಸಿಲಿಕೋನ್ ಬಳೆಯನ್ನು ವೈದ್ಯರು ಯೋನಿಯೊಳಗೆ ಕೂರಿಸುತ್ತಾರೆ. ಅದು ಒಳಗಿನಿಂದ ಆಸರೆ ಕೊಡುತ್ತದೆ. ಆಗಾಗ ತೆಗೆದು ಶುಚಿಗೊಳಿಸಿ, ವೈದ್ಯರು ಹೇಳಿದ ಅವಧಿಗೆ ತಪಾಸಣೆ ಮಾಡಿಸಿಕೊಂಡರೆ ವರ್ಷಗಟ್ಟಲೆ ಬಳಸಬಹುದು. ಶಸ್ತ್ರಚಿಕಿತ್ಸೆಗೆ ಅಂಜುವವರಿಗೆ, ಹೃದ್ರೋಗವಿರುವ ವೃದ್ಧೆಯರಿಗೆ ಇದೊಂದು ಒಳ್ಳೆಯ ದಾರಿ. ಮುಟ್ಟು ನಿಂತವರಿಗೆ ಈಸ್ಟ್ರೋಜನ್ ಮುಲಾಮನ್ನು ವೈದ್ಯರು ಸೂಚಿಸುವುದುಂಟು. ಅವಸರದ ಮೂತ್ರಕ್ಕೆ ಮಾತ್ರೆಗಳಿವೆ. ಶಸ್ತ್ರಚಿಕಿತ್ಸೆಯೇ ಬೇಕಾದಲ್ಲಿಯೂ ಗರ್ಭಕೋಶವನ್ನು ಉಳಿಸಿಕೊಂಡು ಮೇಲಕ್ಕೆತ್ತಿ ಕಟ್ಟುವ ವಿಧಾನಗಳಿವೆ. ಮುಂಬಯಿಯ ವೈದ್ಯರಾದ ಶಿರೋಡ್ಕರ್, ಪುರಂದರೆ ಇವರ ಹೆಸರಿನ ಶಸ್ತ್ರಚಿಕಿತ್ಸೆಗಳು ಈ ಬಗೆಯವು. ಚಿಕ್ಕ ವಯಸ್ಸಿನವರು ಇದನ್ನು ತಿಳಿದಿರಬೇಕು.

ಎಲ್ಲಿಗೆ ಹೋಗಬೇಕು?

ಮೊದಲ ಮಾತು ಊರಿನ ಆಶಾ ಕಾರ್ಯಕರ್ತೆಯೊಡನೆ ಅಥವಾ ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಯೊಡನೆ ಆಗಬಹುದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಗಳಿವೆ. ಹಾಸನದಲ್ಲಿ 2006ರಲ್ಲಿ ಆರಂಭವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ, ಎಂದರೆ ಹಿಮ್ಸ್‌ನ, ಆಸ್ಪತ್ರೆಯಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗವಿದೆ. ಲೇಡಿ ಡಾಕ್ಟರೇ ಬೇಕೆಂದು ಕೇಳಲು ಸಂಕೋಚ ಬೇಡ. ಊರಿನಿಂದ ಹೊರಡುವ ಮೊದಲು ಮಾಹಿತಿ ಬೇಕಾದವರು 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಬಹುದು.

ವೈದ್ಯರ ಎದುರು ಮಾತು ಹೊರಡದಿದ್ದರೆ ಮೂರು ದಿನದ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ: ಎಷ್ಟು ನೀರು ಕುಡಿದಿರಿ, ಎಷ್ಟು ಸಲ ಮೂತ್ರಕ್ಕೆ ಹೋದಿರಿ, ಯಾವಾಗ ಜಿನುಗಿತು. ವೈದ್ಯರಿಗೆ ಅದೇ ಅರ್ಧ ಪರೀಕ್ಷೆ.

ಕೆಲವು ಲಕ್ಷಣಗಳಲ್ಲಿ ತಡಮಾಡಲೇಬಾರದು. ಮೂತ್ರದಲ್ಲಿ ರಕ್ತ, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಮೂತ್ರ ಕಟ್ಟಿಕೊಳ್ಳುವುದು, ಜ್ವರದೊಡನೆ ಸೊಂಟನೋವು, ಜಾರಿದ ಭಾಗ ಹುಣ್ಣಾಗುವುದು, ಹೆರಿಗೆಯ ನಂತರ ಹಗಲೂರಾತ್ರಿ ಬಿಡದೆ ಮೂತ್ರ ಸೋರುವುದು, ಕಾಲುಗಳು ಮರಗಟ್ಟಿ ಮಲಮೂತ್ರದ ಹಿಡಿತ ತಪ್ಪುವುದು. ಇವುಗಳಲ್ಲಿ ಯಾವುದೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮನೆಯವರಿಗೆ ಎರಡು ಮಾತು

ಕರ್ನಾಟಕದಲ್ಲಿ 2001–03ರ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018–20ರ ವೇಳೆಗೆ ಅದು 69ಕ್ಕೆ ಇಳಿಯಿತು. ಇಂದು ಹೆಚ್ಚುಕಡಿಮೆ ಎಲ್ಲ ಹೆರಿಗೆಗಳೂ ಆಸ್ಪತ್ರೆಯಲ್ಲಿಯೇ ಆಗುತ್ತಿವೆ. ತಾಯಿಯ ಪ್ರಾಣ ಉಳಿಸುವುದನ್ನು ನಾವು ಬಹುಮಟ್ಟಿಗೆ ಕಲಿತಿದ್ದೇವೆ. ಉಳಿದ ಪ್ರಾಣ ಹೇಗೆ ಬದುಕುತ್ತಿದೆ ಎಂದು ಕೇಳುವುದನ್ನು ಇನ್ನೂ ಕಲಿಯಬೇಕಾಗಿದೆ. ಹೆರಿಗೆಯಾದ ಆರು ವಾರಕ್ಕೆ ಕೂಸಿನ ಚುಚ್ಚುಮದ್ದಿಗಾಗಿ ಆಸ್ಪತ್ರೆಗೆ ಹೋಗುತ್ತೇವೆ. ಅಂದು ತಾಯಿಯನ್ನೂ ಪರೀಕ್ಷಿಸಿರೆಂದು ಕೇಳಿದರೆ ಮುಂದಿನ ಇಪ್ಪತ್ತು ವರ್ಷಗಳ ಬೇನೆಯನ್ನು ತಡೆಯಬಹುದು.

ಅತ್ತೆಯಂದಿರೇ, ನೀವು ನುಂಗಿಕೊಂಡ ನೋವನ್ನು ಸೊಸೆಯೂ ನುಂಗಿಕೊಳ್ಳಲಿ ಎನ್ನದಿರಿ. ಗಂಡಂದಿರೇ, ಹೆಂಡತಿ ಪ್ರಯಾಣವನ್ನು, ನೀರನ್ನು, ನಗುವನ್ನು ಬಿಡುತ್ತಿದ್ದರೆ ಕಾರಣವನ್ನು ಮೆಲ್ಲನೆ ಕೇಳಿರಿ, ಕೊಡವನ್ನು ನೀವೇ ಹೊರಿರಿ.

ಇನ್ನು ಪೂಜೆಯ ಅಳುಕು. ಹೆರಿಗೆಯ ಸೂತಕ, ಮುಟ್ಟಿನ ಸೂತಕ ಸೇರಿದಂತೆ ಐದು ಸೂತಕಗಳನ್ನು 12ನೇ ಶತಮಾನದ ಶರಣರು ಅಲ್ಲಗಳೆದರು. ಹೆಣ್ಣಿನ ದೇಹದ ಸಹಜ ಧರ್ಮ ಇಷ್ಟಲಿಂಗಕ್ಕೆ ಮೈಲಿಗೆಯಲ್ಲವೆಂದು ನಂಬಿದ ಪರಂಪರೆ ನಮ್ಮದು. ಹಾಗಿರುವಾಗ ಹೆತ್ತು, ಹೊತ್ತು, ದುಡಿದು ದಣಿದ ಸ್ನಾಯುವೊಂದರ ಬಳಲಿಕೆ ಪೂಜೆಗೂ ದಾಸೋಹಕ್ಕೂ ಅಡ್ಡಿಯಾಗುವುದೆಂತು?

ಮೊದಲು ಹೇಳಿದ ತಾಯಿ ನಮ್ಮ ಒತ್ತಾಯಕ್ಕೆ ತಾಲ್ಲೂಕು ಆಸ್ಪತ್ರೆಗೆ ಹೋದರು. ಅಲ್ಲಿ ಕಲಿತ ವ್ಯಾಯಾಮವನ್ನು ನಾಲ್ಕು ತಿಂಗಳು ಬಿಡದೆ ಮಾಡಿದರು. ಈಚೆಗೆ ಒಂದು ಸೋಮವಾರ ದಾಸೋಹದ ಮನೆಗೆ ಬಂದು ಈಳಿಗೆ ಮಣೆಯ ಮುಂದೆ ಕುಳಿತು ಹುರುಳಿಕಾಯಿ ಹೆಚ್ಚಿದರು. ಪೂರ್ತಿ ವಾಸಿಯಾಗಿಲ್ಲ, ಜೋರಾಗಿ ಕೆಮ್ಮಿದರೆ ಈಗಲೂ ಒಮ್ಮೊಮ್ಮೆ ಜಿನುಗುತ್ತದೆಯಂತೆ. “ಆದರೂ ಬಸ್ಸು ಹತ್ತಿ ಬಂದೆ ಕಣಮ್ಮ, ನೀರೂ ಕುಡಿದೇ ಬಂದೆ” ಎಂದರು. ಹೊರಡುವಾಗ, ಪಕ್ಕದ ಮನೆಯ ಹೆಣ್ಣುಮಗಳನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗುವುದಾಗಿ ಹೇಳಿದರು.

ಈ ಪುಟವನ್ನು ಓದಿದವರು ಇದನ್ನು ಮನೆಯ ಹೆಣ್ಣುಮಕ್ಕಳ ಕೈಗೆ ಕೊಡಬೇಕೆಂದು, ಓದಲು ಬಾರದ ಹಿರಿಯರಿಗೆ ಓದಿ ಹೇಳಬೇಕೆಂದು ನಾವು ಬೇಡಿಕೊಳ್ಳುತ್ತೇವೆ.